ಎಳ್ಳಷ್ಟು

ಡುಲುತ್ ಊರು, ಹಳೆಯ ಚರ್ಚಿನ ನೆಲಮಾಳಿಗೆ.
ಹೊರಗೆ ಸರೋವರದ ಮೇಲೆ ಟ್ರಕ್ಕು ಓಡಿಸುವಷ್ಟು ಮಂಜುಗಡ್ಡೆ.
ಒಳಗೆ, ಜನ ಬೇಡವೆಂದು ಕೊಟ್ಟದ್ದನ್ನೆಲ್ಲ
ಬೇಕೆನ್ನುವವರಿಗೆ ದಾಟಿಸುವ ನಮ್ಮ ಅಂಗಡಿ:
ಅರ್ಧ ಉಂಡೆ ಉಣ್ಣೆ, ಬೀಗ ಕಳಕೊಂಡ ಕೀಲಿ,
ಯಾರದೋ ಅಜ್ಜಿ ಮುಗಿಸದ ಹೊದಿಕೆಯ ಹನ್ನೊಂದು ಚೌಕ.

ಜಾಹೀರಾತಿಗೆ ದುಡ್ಡಿಲ್ಲ.
ಒಂದು ನಿಮಿಷದ ಸಿನಿಮಾ ನಾವೇ ಮಾಡೋಣ ಎಂದಿತು ಸಭೆ.
ಅಂದರೆ, ಐಲಿ ಎಂದಳು. ಉಳಿದವರು ಬಿಸ್ಕತ್ತು ತಿಂದರು.

ಕಥಾನಾಯಕ ಒಂದು ಗುಂಡಿ.
ಕಡುಹಸಿರು, ನಾಲ್ಕು ಕಣ್ಣು,
ಅಂಚಿನಲ್ಲಿ ಹಲ್ಲಿನ ಗುರುತು, ಯಾವ ಮಗು ಕಚ್ಚಿದ್ದೋ.
ಡಬ್ಬಿಯಿಂದ ಇಳಿದು, ನೀಲಿ ರಿಬ್ಬನ್ನಿನ ಹೊಳೆ ದಾಟಿ,
ಜಿಪ್ಪಿನ ಮೊಸಳೆಯ ಬಾಯಿ ತಪ್ಪಿಸಿ,
ಕೊನೆಗೊಂದು ಕೋಟಿನ ಮೇಲೆ ಹತ್ತಿ ಕೂರಬೇಕು.

ಸೆಕೆಂಡಿಗೆ ಹನ್ನೆರಡು ಚಿತ್ರ.
ಎಳ್ಳಷ್ಟು ಸರಿಸು, ಕೈ ತೆಗೆ, ಕ್ಲಿಕ್.
ಎಳ್ಳಷ್ಟು ಸರಿಸು, ಕೈ ತೆಗೆ, ಕ್ಲಿಕ್.
ಎಳ್ಳಷ್ಟು ಸರಿಸು,
ಮಾಯ್ ಸೀನಿದಳು. ಹೊಳೆಯೆಲ್ಲ ನೆಲದ ಪಾಲು.

ನಲವತ್ತು ವರ್ಷ ಬಂದರಿನಲ್ಲಿ
ಹಡಗಿಗೆ ಕಬ್ಬಿಣದ ಅದಿರು ಸುರಿದವನು ನಾನು.
ಸನ್ನೆ ಎಳೆದರೆ ಬೆಟ್ಟ ಜಾರುತ್ತಿತ್ತು.
ಅದೇ ಕೈ ಈಗ ಗುಂಡಿಯ ಹತ್ತಿರ ಬಂದು
ಮದುಮಗಳ ಮುಂದೆ ನಿಂತ ಹಾಗೆ ನಡುಗುತ್ತದೆ.
ಶನಿವಾರವಿಡೀ ಸೇರಿ ಅದು ನಡೆದದ್ದು ಒಂದು ಗೇಣು.

ಭಾನುವಾರ ನಮಗೆ ರಜ, ಅಂಗಡಿಗಲ್ಲ.
ಸೋಮವಾರ ಬಂದು ನೋಡಿದರೆ ಮೊಸಳೆ ಇದೆ, ಹೊಳೆ ಇದೆ,
ನಾಯಕನಿಲ್ಲ.
"ಅದಾ? ಹತ್ತು ಸೆಂಟಿಗೆ ಮಾರಿದೆ" ಎಂದ
ಕೌಂಟರಿನ ಹುಡುಗ ಎಮೆಟ್.
"ಯಾರೋ ಹೆಂಗಸು, ಕೋಟು ಕೈಯಲ್ಲೇ ಹಿಡಿದು ಬಂದಿದ್ದರು.
ತದ್ವತ್ ಅದೇ ಹಸಿರು. ಎಷ್ಟು ಖುಷಿಯಾದರು ಗೊತ್ತಾ!"

ಬೈಯಲು ತೆರೆದ ಬಾಯಿ
ಐಲಿಗೆ ಮುಚ್ಚಲು ತುಸು ಹೊತ್ತು ಹಿಡಿಯಿತು.
ಆಮೇಲೆ ಡಬ್ಬಿ ಬಗ್ಗಿಸಿ, ಕೆದಕಿ,
ಕಂದುಬಣ್ಣದ ಇನ್ನೊಂದನ್ನು ತೆಗೆದಳು.
ಎರಡೇ ಕಣ್ಣು. ಸ್ವಲ್ಪ ಪೆಕರ.

ಹಾಗಾಗಿ ನಮ್ಮ ಸಿನಿಮಾದಲ್ಲಿ
ಹೊಳೆಗಿಳಿಯುವುದು ಹಸಿರು, ದಡ ಹತ್ತುವುದು ಕಂದು.
ಯಾಕೆಂದು ಯಾರೂ ಕೇಳಿಲ್ಲ.
ನಡುವೆ ಒಂದೇ ಒಂದು ಚಿತ್ರದಲ್ಲಿ
ನನ್ನ ಹೆಬ್ಬೆರಳು ಉಳಿದುಬಿಟ್ಟಿದೆ,
ಉಗುರಲ್ಲಿ ಇನ್ನೂ ಅದಿರಿನ ಕೆಂಪು.
ತೆಗೆಯೋಣವೇ ಎಂದೆ. ಬೇಡ ಎಂದಳು ಮಾಯ್,
ಕಣ್ಣು ಮಿಟುಕಿಸಿದರೆ ಹೇಗೂ ತಪ್ಪಿಹೋಗುತ್ತದೆ.

ಈಗ ಬಸ್ಸಿಗೆ ಕಾಯುವಾಗ
ಮರ್ಯಾದೆಯ ದೂರದಿಂದ ಹಸಿರು ಕೋಟುಗಳನ್ನು ನೋಡುತ್ತೇನೆ.
ಒಂದು ಗುಂಡಿ ಮಾತ್ರ ಬೇರೆ ದಾರದಲ್ಲಿ ಹೊಲಿದದ್ದು,
ಅಂಚಿನಲ್ಲಿ ಹಲ್ಲಿನ ಗುರುತು.
ಇನ್ನೂ ಸಿಕ್ಕಿಲ್ಲ. ಚಳಿಗಾಲ ಬೇಕಾದಷ್ಟಿದೆ.