ಹಳದಿ ಗಿಂಡಿ

ಮೊದಲ ಸಲ ಹತ್ತಿದ್ದು ಜಾಜೂರ್ ಘಾಟಿಯ ಮೂರನೇ ತಿರುವಿನಲ್ಲಿ.
ಹಿಂದಿನ ಸೀಟಿನಲ್ಲಿ ತಂತಿಸುರುಳಿ, ಉಣ್ಣೆಪಟ್ಟಿ, ಶ್ರುತಿಕೀಲಿ,
ಹೊರಗೆ ಸೊನ್ನೆಗಿಂತ ಹದಿನಾಲ್ಕು ಕೆಳಗೆ.
ಮೂತಿ ಸೊಟ್ಟಗಾದ ಗಿಂಡಿಯ ಆಕಾರ,
ಒಣಗಿದ ಏಪ್ರಿಕಾಟಿನ ಬಣ್ಣ.
ಇಂಜಿನ್ ನೋಡಿಸು, ಅಂದಿತು.
ಸ್ಪಿತಾಕ್ ಮುಟ್ಟುವಷ್ಟರಲ್ಲಿ
ನಾನೆಲ್ಲಿ ಅಂದೆ ಎನ್ನುವಂತೆ ಆರಿತ್ತು.

ವರಾಜ್ದಾತನ ಗ್ಯಾರೇಜಿಗೆ ನಾಲ್ಕು ಸಲ ಹೋದೆ.
ನಾಲ್ಕು ಸಲವೂ ಅವನ ಗೇಟು ಕಂಡದ್ದೇ ತಡ,
ಡಾಕ್ಟರ ಬಾಗಿಲಲ್ಲಿ ಹಲ್ಲುನೋವು ಮಾಯವಾದ ಹಾಗೆ.
ಅವನು ವಯರು ಸಿಕ್ಕಿಸಿ ಓದಿದ:
ಗಾಳಿ ಹೆಚ್ಚು, ಇಂಧನ ಕಡಿಮೆ ಅಂತಿದೆ,
ಈಗಲ್ಲ, ಯಾವಾಗಲೋ.
ಹಳೇ ಓಪೆಲ್, ಅದರ ಮೇಲೆ ಗ್ಯಾಸ್ ಕಿಟ್ಟು.
"ಎರಡು ಹೊಟ್ಟೆಯ ಪ್ರಾಣಿ ಇದು, ಶೋಘಿಕ್,
ಯಾವುದು ನೋಯುತ್ತಿದೆಯೆಂದು ಅದಕ್ಕೇ ಗೊತ್ತಿಲ್ಲ."
ದುಡ್ಡು ಮುಟ್ಟಲಿಲ್ಲ.
ಅದರಿಂದ ಇನ್ನಷ್ಟು ಹೆದರಿಕೆಯಾಯಿತು.

ಬರೆದಿಡತೊಡಗಿದೆ.
ಮಂಗಳವಾರ, ಆರ್ತಿಕ್ ದಾರಿ, ಮಂಜು: ಹತ್ತಿತು.
ಗುರುವಾರ, ಅದೇ ದಾರಿ, ಅದೇ ಮಂಜು: ಇಲ್ಲ.
ಪೆಟ್ರೋಲಿನಲ್ಲಿ ಇಲ್ಲ. ಗ್ಯಾಸಿನಲ್ಲಿ ಇಲ್ಲ.
ಭಾನುವಾರ, ಬೇಕರಿಯೆದುರು ಇಂಜಿನ್ ಆರಿಸದೆ
ಸುಮ್ಮನೆ ಕೂತು ಸೇಬು ತಿನ್ನುತ್ತಿದ್ದಾಗ: ಹತ್ತಿತು.

ಕಿವಿಯೇ ನನ್ನ ಕಸುಬು.
ಎರಡು ತಂತಿ ಕೂದಲೆಳೆಯಷ್ಟು ಬೇರಾದರೂ
ನಡುವೆ ಏಳುವ ಅಲೆಯನ್ನು ಎಣಿಸಿ ಹೇಳುತ್ತೇನೆ.
ಪ್ರತಿಯೊಂದು ಪಂಚಮದಿಂದ ಒಂದಿಷ್ಟು ಕದಿಯಬೇಕು,
ಹನ್ನೆರಡು ಮನೆ ಸುತ್ತಿ ಹೊರಟಲ್ಲಿಗೇ ಬಂದು ಸೇರಲು.
ತಪ್ಪನ್ನು ಯಾರೂ ತೆಗೆಯುವುದಿಲ್ಲ,
ಯಾರಿಗೂ ನೋಯದ ಹಾಗೆ ಹಂಚುತ್ತೇವೆ, ಅಷ್ಟೆ.
ಈ ತಪ್ಪು ಮಾತ್ರ ಹಂಚಿಕೆಗೆ ಒಗ್ಗುವುದಿಲ್ಲ.
ಇದ್ದರೆ ಇಡಿಯಾಗಿ ಇದೆ,
ಇಲ್ಲದಿದ್ದರೆ ಹುಟ್ಟೇ ಇಲ್ಲ.

ಅಣ್ಣ ಮಿಹ್ರಾನ್ ಕಪ್ಪು ಟೇಪು ಕೊಟ್ಟ.
ಅಂಟಿಸಿಬಿಡು ಮಾರಾಯ್ತಿ,
ನನ್ನ ಲಾರಿಯಲ್ಲಿ ಮೂರು ದೀಪಕ್ಕೆ ಅಂಟಿಸಿದ್ದೇನೆ,
ನಾಲ್ಕನೆಯದು ತಾನಾಗಿ ಸತ್ತಿತು,
ಲಾರಿ ಓಡುತ್ತಿಲ್ಲವೇ?
ಹಲ್ಲಿನಲ್ಲಿ ಒಂದು ತುಂಡು ಹರಿದು
ಬೆರಳ ತುದಿಯಲ್ಲಿ ಹಿಡಿದುಕೊಂಡೇ ಅಶೋತ್ಸ್ಕ್‌ವರೆಗೆ ಓಡಿಸಿದೆ.

ಅಲ್ಲಿಯ ಸಂಗೀತಶಾಲೆಯಲ್ಲೊಂದು ಬೆಲಾರುಸ್ ಪಿಯಾನೋ.
ಮುಚ್ಚಳ ತೆಗೆದು ನೋಡಿದರೆ
ಮೇಲಿನ ಗಾಂಧಾರದ ಬಾಯಿಗೆ ಯಾರೋ ಉಣ್ಣೆ ತುರುಕಿದ್ದಾರೆ.
"ಝೇಂಕರಿಸುತ್ತಿತ್ತು" ಎಂದರು ಹ್ರಿಪ್ಸಿಮೆ ಟೀಚರ್,
"ಹನ್ನೆರಡು ವರ್ಷವಾಯಿತು. ಮಕ್ಕಳಿಗೆ ಅಭ್ಯಾಸವಾಗಿದೆ."
ಉಣ್ಣೆ ಎಳೆದೆ. ಸ್ವರ ಝೇಂಕರಿಸಿತು.
ಹಲಗೆಯ ಹಿಂದೆ, ಒಂದು ಸಡಿಲ ತಿರುಪು.
ಅರ್ಧ ಸುತ್ತು.
ಹನ್ನೆರಡು ವರ್ಷ, ಅರ್ಧ ಸುತ್ತು.

ಟೇಪಿನ ತುಂಡು ಎಲ್ಲಿ ಬಿತ್ತೋ, ಹುಡುಕಲಿಲ್ಲ.

ಆ ಸಂಜೆ ನ್ವಾರ್ದ್‌ಳನ್ನು ಮನೆಗೆ ಬಿಟ್ಟೆ.
ಒಂಬತ್ತು ವರ್ಷ, ಮುಂದಿನ ಎರಡು ಹಲ್ಲಿಲ್ಲ.
"ಆಂಟೀ, ನೀವು ಹೀಟರ್ ಜೋರು ಮಾಡಿದಾಗಲೆಲ್ಲ ಬರುತ್ತೆ,
ಆಮೇಲೆ ನೂರು ಎಣಿಸಬೇಕು."
ನನ್ನ ಪುಸ್ತಕದಲ್ಲಿ ಎಲ್ಲವೂ ಇತ್ತು, ಹೀಟರ್ ಇರಲಿಲ್ಲ.
ಚಳಿಗೆ ಕೈ ತಾನೇ ಹೋಗುವುದನ್ನು ಯಾರು ಬರೆಯುತ್ತಾರೆ?

ವರಾಜ್ದಾತ್ ಹೀಟರ್ ಹಾಕಿ ನೂರು ಎಣಿಸಿದ,
ಎಪ್ಪತ್ತಕ್ಕೇ ಗಿಂಡಿ ಹತ್ತಿತು.
ಕಬ್ಬಿಣದ ಅಂಚಿಗೆ ಉಜ್ಜಿ ಉಜ್ಜಿ
ಸಿಪ್ಪೆ ಸುಲಿದ ಒಂದು ತಂತಿ,
ಇರುವೆಯಷ್ಟು ತಾಮ್ರ ಹೊರಗೆ.
ಸಿಕ್ಕಿತು ಅಂದ, ಮಗ ಪಾಸಾದವನಂತೆ.
ಈ ಸಲ ದುಡ್ಡು ತೆಗೆದುಕೊಂಡ. ಸಮಾಧಾನವಾಯಿತು.

ಮಾರ್ಚಿನಲ್ಲಿ ಮತ್ತೆ ಅಶೋತ್ಸ್ಕ್.
ಗಾಂಧಾರ ಗಟ್ಟಿ, ನಿರ್ಮಲ, ಶ್ರುತಿಯಲ್ಲಿದೆ.
ನ್ವಾರ್ದ್ ನುಡಿಸುತ್ತಾಳೆ,
ಆ ಮೆಟ್ಟಿಲ ಬಳಿ ಬಂದಾಗ
ಅವಳ ಬೆರಳು ಹಳ್ಳ ಕಂಡ ಮೇಕೆಯಂತೆ
ಹಾರಿ ಆಚೆಗೆ ಇಳಿಯುತ್ತದೆ.
ಟೀಚರ್ ಗದರುತ್ತಾರೆ. ನಾನು ಗದರುವುದಿಲ್ಲ.

ಜಾಜೂರಿನ ಮೂರನೇ ತಿರುವಿನಲ್ಲಿ
ನಾನೂ ಹೀಟರಿಗೆ ಕೈ ಚಾಚಿ, ಹಿಂದಕ್ಕೆಳೆದು,
ಕತ್ತಲಾದ ಆ ಪುಟ್ಟ ಜಾಗವನ್ನೇ ನೋಡುತ್ತ
ಕೊರೆಯುವ ಚಳಿಯಲ್ಲಿ
ಎಣಿಸತೊಡಗುತ್ತೇನೆ.