ಟಿಣ್

ಪ್ರಿನ್ಸಿಪಾಲರು ಕೊಟ್ಟದ್ದು ನಲವತ್ತು ರಿಯಾಲು,
ವರ್ಷಕ್ಕೆ, ಮೂರನೆಯ ತರಗತಿಯ ನಾಲ್ಕೂ ಸೆಕ್ಷನಿಗೆ.
"ಸಂಗೀತ ಮಾಡುವ ಸಾಫ್ಟ್‌ವೇರ್ ಯಾವುದಾದರೂ ನೋಡಿ ಗ್ರೆಟ್ಟಾ ಮೇಡಂ,
ಬಿಲ್ಲು ಮಾತ್ರ ಮರೆಯಬೇಡಿ."

ಸೋಹಾರಿನಲ್ಲಿ ಬೈಸಾ ಅಂದರೆ ನಮ್ಮ ಪೈಸೆಯ ದಾಯಾದಿ,
ಸಾವಿರ ಕೂಡಿದರೆ ಒಂದು ರಿಯಾಲು.
ಹಾಗೆ ಗುಣಿಸಿ ನೋಡಿದೆ: ನಲವತ್ತು ಸಾವಿರ!
ಒಂದು ನಿಮಿಷ ಶ್ರೀಮಂತೆ.
ಆಮೇಲೆ ತಲೆ ಎಣಿಸಿದೆ, ನೂರಿಪ್ಪತ್ತೆಂಟು ತಲೆ.
ಒಂದೊಂದಕ್ಕೆ ಒಂದು ಕರಕ್ ಚಹಾ,
ಒಂದು ಚಿಪ್ಸ್ ಪೊಟ್ಟಣ. ಅಷ್ಟೇ ಸಂಗೀತ.

ರಾತ್ರಿ ಅಡುಗೆಮನೆಯ ಮೇಜಿನ ಮೇಲೆ ಹುಡುಕಾಟ.
ಒಂದು ಬಲು ಚೆಂದ, ಆದರೆ ಬಾಡಿಗೆ ಮನೆ:
ತಲೆಗಿಷ್ಟು, ತಿಂಗಳಿಗಿಷ್ಟು,
ಬಾಡಿಗೆ ನಿಂತ ದಿನ ಮಕ್ಕಳ ಹಾಡೂ ಬೀದಿಗೆ.
ಇನ್ನೊಂದು ಪುಕ್ಕಟೆ. ಎಂಟು ವರ್ಷದ ಕೂಸಿನ
ಇಮೇಲ್ ಕೇಳುತ್ತದೆ, ಹುಟ್ಟಿದ ದಿನ, ಫೋಟೊ, ಫೋನ್ ನಂಬರು;
ಹೆಣ್ಣು ನೋಡಲು ಬಂದವರೂ ಇಷ್ಟು ಕೇಳಿರಲಿಲ್ಲ ನನ್ನನ್ನು.
ನಾನೂರು ವಾದ್ಯಗಳಿದ್ದದ್ದನ್ನು ತೆರೆದಾಗ
ಬಂದರಿನಲ್ಲಿ ಕ್ರೇನು ನಡೆಸುವ ವಿಲ್ಕಿನ್
ಲುಂಗಿ ಎತ್ತಿಕಟ್ಟಿ ಹಿಂದೆ ನಿಂತು ನೋಡಿ ಹೇಳಿದರು:
"ಇದಕ್ಕಿಂತ ನನ್ನ ಕ್ರೇನು ಸುಲಭ."

ಕೊನೆಗೆ ಸಿಕ್ಕಿತು ಒಂದು ಬಡಪಾಯಿ.
ಅಡ್ಡ ಹದಿನಾರು, ಉದ್ದ ಎಂಟು, ಬಣ್ಣದ ಚೌಕಗಳು,
ಮುಟ್ಟಿದರೆ ಸ್ವರ, ಮತ್ತೆ ಮುಟ್ಟಿದರೆ ಮೌನ.
ಯಾರ ಹೆಸರೂ ಕೇಳದು, ಇಂಟರ್ನೆಟ್ ಹೋದರೂ ಹಾಡೀತು.
ದುಡ್ಡು ಕೊಡದವರಿಗೆ ಒಂದೇ ಶಿಕ್ಷೆ:
ಇಪ್ಪತ್ತು ಸೆಕೆಂಡಿಗೊಮ್ಮೆ, ರಾಗ ಎಲ್ಲೇ ಇರಲಿ,
ಟಿಣ್!
ಗಂಜಿಯಲ್ಲಿ ಕಲ್ಲು ಕಡಿದ ಹಾಗೆ.
ಆ ಟಿಣ್ ತೆಗೆಸಲು ಮೂವತ್ತೆಂಟು ರಿಯಾಲು.
ಲೆಕ್ಕ ಕೂಡಿತು. ಫಾರಂ ತುಂಬಿ ಕೊಟ್ಟೆ.

ಸಹಿ ಆಗಿ ಬರುವ ತನಕ ಕಲ್ಲಿನ ಗಂಜಿಯೇ ಸಾಕು ಎಂದು
ಮೂರನೆಯ 'ಸಿ'ಯನ್ನು ಲ್ಯಾಬಿಗೆ ಕರೆದೊಯ್ದೆ.
ಮೂವತ್ತೆರಡು ಮಕ್ಕಳು, ಹದಿನಾರು ಕಂಪ್ಯೂಟರು,
ಹೆಡ್‌ಫೋನು ಏಳು, ಅದರಲ್ಲೆರಡಕ್ಕೆ ಎಡಗಿವಿ ಮಾತ್ರ.
ಗೋಡೆಯ ಏಸಿ ತನ್ನದೇ ಶ್ರುತಿಯಲ್ಲಿ ಗೊಣಗುತ್ತಿತ್ತು.

ಮೊದಲ ಟಿಣ್‌ಗೆ ಎಲ್ಲರೂ ನಕ್ಕರು.
ಎರಡನೆಯದಕ್ಕೆ ಬೈದರು.
ಮೂರನೆಯದಕ್ಕೆ ಭಟ್ಕಳದ ಝುಹೈರ್
ಕಣ್ಣು ಮುಚ್ಚಿ ಕಾಯುತ್ತಿದ್ದ.
ಬೆರಳು ಮಡಚಿ ಎಣಿಸಿದ; ಒಂದು ಕೈ ಮೌಸಿನ ಮೇಲಿತ್ತಲ್ಲ,
ಪಕ್ಕದ ನಿವೇತಾಳ ಕೈ ಸಾಲ ತಗೊಂಡ.
"ಮಿಸ್, ಇದು ಹತ್ತು ಸುತ್ತಿಗೊಮ್ಮೆ. ತಪ್ಪೋದೇ ಇಲ್ಲ."
ಮೊದಲ ಚೌಕದ ಸ್ವರ ಅಳಿಸಿ ಖಾಲಿ ಬಿಟ್ಟ,
ತಡವಾಗಿ ಬರುವ ನೆಂಟರಿಗೆ
ಕುರ್ಚಿ ಬಿಟ್ಟ ಹಾಗೆ.

ಒಂಬತ್ತು ಸಲ ಆ ಜಾಗ ಸುಮ್ಮನೆ ಹಾದುಹೋಯಿತು.
ಹತ್ತನೆಯ ಸಲ
ಟಿಣ್
ಬಂದು ಕೂತಿತು.

ಹದಿನೇಳು ವರ್ಷದಿಂದ ಬೋರ್ಡಿನ ಮೇಲೆ
'ತಾಳ ಎಂದರೆ' ಎಂದು ಬರೆದು ಅಳಿಸಿ ಬರೆದು ಅಳಿಸಿದವಳು ನಾನು.
ಮೂವತ್ತೆರಡು ಜನ ಉಸಿರು ಹಿಡಿದು
ಮುಂದಿನ ಹತ್ತನೆಯದಕ್ಕೆ ಕಾಯುವುದನ್ನು
ಅಂದೇ ಮೊದಲು ಕಂಡದ್ದು.

ಬುಧವಾರ ಸಹಿ ಬಂತು.
"ಇನ್ನು ಟಿಣ್ ಹೋಗುತ್ತದೆ ಮಕ್ಕಳೇ" ಎಂದೆ.
ಝುಹೈರ್ ಕೇಳಿದ: "ಎಲ್ಲಿಗೆ?"

ಫಾರಂನಲ್ಲಿ ಸಾಫ್ಟ್‌ವೇರ್ ಹೊಡೆದುಹಾಕಿ
ಹೆಡ್‌ಫೋನು ಎಂದು ಬರೆದೆ.
ಅಕೌಂಟ್ಸಿನ ಶಶಿಧರನ್ ಕನ್ನಡಕ ಮೂಗಿಗಿಳಿಸಿ,
"ಕಾಟು ಹೊಡೆದದ್ದು ನಡೆಯಲ್ಲ, ಹೊಸ ಫಾರಂ" ಎಂದರು.

ಬರೆಯುತ್ತಾ ಕೂತಿದ್ದೇನೆ.
ಸಂಖ್ಯೆ ಬರೆದೆ, ಬೆಲೆ ಬರೆದೆ.
'ಕಾರಣ' ಎಂಬಲ್ಲಿ
ಒಂದು ಚೌಕ ಇನ್ನೂ ಖಾಲಿ.