ಎಷ್ಟಾಗಬಹುದು?

ಹಲೋ ಅನ್ನುವುದಕ್ಕೂ ಮೊದಲು ಬರುವ ಮಾತು ಅದೇ.
ಹೆಸರಿಲ್ಲ, ಬೀದಿಯಿಲ್ಲ,
ಹಿಂದೆಲ್ಲೋ ನೀರು ಸುರಿಯುವ ಸದ್ದು,
ಮಗುವಿನ ಅಳು, ನಾಯಿ,
ಮುಂದೆ ಉಸಿರು ಕಟ್ಟಿದ ಒಂದು ಗಂಟಲು:
ಎಷ್ಟಾಗಬಹುದು?

ಹನ್ನೊಂದು ವರ್ಷದಿಂದ ರೇಯೊನ ಫೋನು ಎತ್ತುವವಳು ನಾನು.
ಅವನ ಕೈಗೆ ಸ್ಪ್ಯಾನರು, ನನ್ನ ಬಾಯಿಗೆ ದರಪಟ್ಟಿ.
ಬಂದು ಬಾಗಿಲಲ್ಲಿ ನಿಲ್ಲಲು ತೊಂಬತ್ತೈದು ಡಾಲರು,
ಆಮೇಲೆ ಗಂಟೆಗೆ ನೂರಾ ಮೂವತ್ತು,
ಸಂಜೆ ಆರು ದಾಟಿದರೆ ಒಂದೂವರೆ ಪಟ್ಟು,
ನಡುರಾತ್ರಿ, ಭಾನುವಾರ, ಕ್ರಿಸ್‌ಮಸ್ಸು, ಎರಡು.
ಸಾಮಾನು ಬೇರೆ. ತೆರಿಗೆ ಬೇರೆ.
ಗೋಡೆ ಒಡೆಯುವುದು ಮಾತ್ರ ನಮ್ಮದು,
ಮುಚ್ಚಲು ಬೇರೆಯವರನ್ನು ನೀವೇ ಹುಡುಕಿಕೊಳ್ಳಿ.
ಇಷ್ಟನ್ನೂ ಮಗ್ಗಿಯ ಹಾಗೆ ಒಪ್ಪಿಸುತ್ತೇನೆ,
ಕಾಫಿ ಕಲಕುತ್ತ.

ಕೆಲವರು ಚೌಕಾಸಿಗಿಳಿಯುತ್ತಾರೆ.
ಕೆಲವರು ಭಾವಮೈದುನ ನಲವತ್ತಕ್ಕೇ ಮಾಡಿಕೊಟ್ಟ ಕತೆ ಹೇಳುತ್ತಾರೆ.
ಹಾಗಾದರೆ ನನಗೇಕೆ ಫೋನು ಎಂದು ಕೇಳುವುದಿಲ್ಲ ನಾನು;
ಈಗ ಸುರಿಯುತ್ತಿರುವುದು ಆ ನಲವತ್ತೇ,
ಕಾಸಿಗೆ ತಕ್ಕ ಕಜ್ಜಾಯ.
ಒಬ್ಬಾಕೆ ಮೂರು ಕಂಪನಿಗಳ ದರ ಬರೆದುಕೊಂಡು
ನಾಲ್ಕನೆಯ ದಿನ ನಮ್ಮನ್ನು ಕರೆದಳು.
ಅಷ್ಟರಲ್ಲಿ ಅವಳ ಕಾರ್ಪೆಟ್ಟು
ಹೆಜ್ಜೆಯಿಟ್ಟಲ್ಲೆಲ್ಲ ಮಾತಾಡುತ್ತಿತ್ತಂತೆ.

ಹೋದ ಜನವರಿ. ಥಂಡರ್ ಬೇ. ಮೈನಸ್ ಮೂವತ್ತನಾಲ್ಕು.
ಸರೋವರದ ಕಡೆಯ ಕಿಟಕಿಗೆ ಒಳಗಿನಿಂದಲೇ ಹಿಮ.
ಎರಡು ದಿನ ನಿದ್ದೆಗೆಟ್ಟ ರೇಯೊ
ಬೂಟು ಬಿಚ್ಚದೆ ಸೋಫಾದ ಮೇಲೆ ಬಿದ್ದಿದ್ದ,
ಮಂಡಿಯ ಕೆಳಗೆ ಬಿಸಿನೀರಿನ ಚೀಲ.
ಹನ್ನೆರಡು ದಾಟಿ ಹತ್ತು ನಿಮಿಷಕ್ಕೆ ಫೋನಿನ ಗಂಟೆ.
ನಮ್ಮ ಮನೆಯಲ್ಲಿ ಗಂಟೆ ಹೊಡೆದ ಕ್ಷಣದಿಂದಲೇ ಗಂಟೆಯ ಲೆಕ್ಕ.

ಓರೆಸ್ಟ್ ಹ್ನಾತ್ಯುಕ್. ಬಸ್ಸು ಓಡಿಸುವವನಂತೆ,
ಅಕ್ಟೋಬರಿನಲ್ಲಿ ಕೊಂಡ ಮನೆಯಂತೆ, ಮೊದಲ ಮನೆ,
ಸಿಂಕಿನ ಹಿಂದಿನ ಪೈಪು ಹೆಪ್ಪುಗಟ್ಟಿ ಸೀಳಿದೆಯಂತೆ.
ಎಷ್ಟಾಗಬಹುದು?
ನಾನೂರೈವತ್ತಕ್ಕೆ ಕಡಿಮೆಯಿಲ್ಲ, ಎಂದೆ.
ಆ ಕಡೆ ಮೌನ. ಮೌನದೊಳಗೆ ನೀರು.
ಅವನು ಕೂಡುವುದು ನನಗೆ ಕೇಳಿಸುತ್ತಿತ್ತು:
ಮನೆಯ ಕಂತು, ಹೀಟರಿನ ಗ್ಯಾಸು, ಮಗಳ ಹಲ್ಲಿನ ತಂತಿ.
ಇಟ್ಟುಬಿಟ್ಟ.

ಹತ್ತು ನಿಮಿಷಕ್ಕೆ ಮತ್ತೆ.
"ಬೆಳಗ್ಗೆ ಎಂಟಕ್ಕಾದರೆ?"
ಅರ್ಧ, ಎಂದೆ.
"ಅಲ್ಲೀತನಕ ಬಕೆಟ್ಟು ಹಿಡಿದರೆ ಸಾಕಾ?"

ಇಲ್ಲಿ ನಾನು ಸುಮ್ಮನಿದ್ದಿದ್ದರೆ
ಇನ್ನೊಂದು ಹತ್ತು ನಿಮಿಷಕ್ಕೆ ಆ ನಾನೂರೈವತ್ತು ನಮ್ಮದೇ.
ಸೋಫಾದ ತುದಿಯ ಬೂಟುಗಳನ್ನು ನೋಡಿದೆ.
ಹಿಮ್ಮಡಿಯಲ್ಲಿ ಯಾರದೋ ನೆಲಮಾಳಿಗೆಯ ಕೆಸರು.

"ಕೆಳಗಿಳಿಯಿರಿ. ಫೋನು ಕೈಯಲ್ಲೇ ಇರಲಿ.
ಬೀದಿ ಕಡೆಯ ಗೋಡೆ. ಮೀಟರು ಕಂಡಿತೆ?
ಪಕ್ಕದಲ್ಲಿ ಅಂಗೈಯಗಲ ಹಿತ್ತಾಳೆ ಚಕ್ರ.
ಬಲಕ್ಕೆ ತಿರುಗಿಸಿ."
"ಬರ್ತಾ ಇಲ್ಲ."
"ಬಲ ಹಾಕಿ, ಬಲಕ್ಕೆ. ಬಸ್ಸಿನ ಸ್ಟೇರಿಂಗು ಅಂದುಕೊಳ್ಳಿ."
ಒಂದು ಕಿರುಗುಟ್ಟು. ಇನ್ನೊಂದು.
ಆಮೇಲೆ, ಮೊದಲ ಸಲ,
ಅವನ ಹಿಂದಿದ್ದ ಮನೆ ಸುಮ್ಮನಾಯಿತು.

"ಇದಕ್ಕೆ ಎಷ್ಟಾಗಬಹುದು?"
ಕೇಳಿಯೇ ಬಿಟ್ಟ, ಪುಣ್ಯಾತ್ಮ!
ನನ್ನ ಪಟ್ಟಿಯಲ್ಲಿ ಅದಕ್ಕೆ ಸಾಲೇ ಇರಲಿಲ್ಲ.
ಮಲಗಿ, ಎಂದೆ.

ಯಾರದು, ಎಂದ ರೇಯೊ ಕಣ್ಣು ತೆರೆಯದೆ.
ತಪ್ಪು ನಂಬರು, ಎಂದೆ.

ಬೆಳಗ್ಗೆ ಹೋಗಿ ಬಂದ. ಗೇಣುದ್ದ ತಾಮ್ರ, ಎರಡು ಬೆಸುಗೆ.
ಬಾಗಿಲಿಗೆ ತೊಂಬತ್ತೈದು, ಗಂಟೆಗೆ ನೂರಾ ಮೂವತ್ತು,
ಸಾಮಾನು ಹದಿನೆಂಟು ನಲವತ್ತು, ಮೇಲೆ ತೆರಿಗೆ:
ಇನ್ನೂರ ಎಪ್ಪತ್ತೈದು ಡಾಲರು, ನಾಲ್ಕು ಸೆಂಟು.
ಒಂದು ಸೆಂಟಿನ ನಾಣ್ಯ ದೇಶದಲ್ಲೇ ನಿಂತುಹೋಗಿದೆ,
ಆದರೂ ಹ್ನಾತ್ಯುಕ್ ಚೆಕ್ಕಿನಲ್ಲಿ
ಆ ನಾಲ್ಕನ್ನೂ ಬಿಡದೆ ಬರೆದಿದ್ದ.

ಮಧ್ಯಾಹ್ನ ಮೀನಿನ ಸೂಪು ಕುಡಿಯುತ್ತ ರೇಯೊ,
"ರಾತ್ರಿಯ ತಪ್ಪು ನಂಬರಿಗೆ
ವಾಲ್ವು ಮುಚ್ಚೋದು ಚೆನ್ನಾಗಿ ಗೊತ್ತು" ಎಂದ, ಬಟ್ಟಲು ನೋಡುತ್ತ.
ಸಿಟ್ಟೋ ನಗುವೋ ತಿಳಿಯಲಿಲ್ಲ.
ಉಪ್ಪು ಕೇಳಿದ.